ತಾರೀಖು ಕೇಳಬೇಡಿ, ಸಂತೆ ಕೇಳಿ

ಧಾರವಾಡ ಜಿಲ್ಲೆಯ ಶಲವಡಿಯಂಥ ಊರಿನಿಂದ ಎಂಬತ್ತರ ಆಸುಪಾಸಿನ ಆಯಿಯೊಬ್ಬರನ್ನು ಪಟ್ಟಣದ ದವಾಖಾನೆಗೆ ಕರೆತಂದು ಕೂರಿಸಿದ್ದಾರೆ ಎಂದುಕೊಳ್ಳಿ. ಇವತ್ತು ತಾರೀಖು ಎಷ್ಟು? ನೂರರಿಂದ ಏಳೇಳು ಕಳೆಯುತ್ತ ಬನ್ನಿ. ಈ ಹಾಳೆಯಲ್ಲಿರುವುದನ್ನು ಓದಿ ಅದರಂತೆ ಮಾಡಿ. ಗಡಿಯಾರದ ಚಿತ್ರ ಬರೆಯಿರಿ. ನಾಲ್ಕರಲ್ಲೂ ಆಯಿ ನಾಪಾಸು. ಅವರು ಶಾಲೆಯ ಕಟ್ಟೆ ಹತ್ತಿದವರಲ್ಲ, ತಾರೀಖು ನೋಡಿ ಬದುಕಿದವರೂ ಅಲ್ಲ. ಸಂತೆ ಯಾವ ವಾರ, ಕಾರಹುಣ್ಣಿಮೆ ಆಗಿ ಎಷ್ಟು ದಿನವಾಯಿತು, ಎಳ್ಳಮಾಸಿಗೆ ಏನೇನು ಮಾಡಬೇಕು, ಐದುನೂರರ ನೋಟು ಕೊಟ್ಟು ಎರಡು ನೂರರ ಸಾಮಾನು ತಂದರೆ ತಿರುಗಿ ಎಷ್ಟು ಬರಬೇಕು ಎಂದು ಕೇಳಿ ನೋಡಿ. ಥಟ್ಟನೆ ಹೇಳಿದರೆ ಅವರ ಮಿದುಳು ನೆಟ್ಟಗಿದೆ. ಹೋದ ವರ್ಷ ಥಟ್ಟನೆ ಹೇಳುತ್ತಿದ್ದವರು ಈ ವರ್ಷ ಉತ್ತರಕ್ಕಾಗಿ ಸೊಸೆಯ ಮುಖ ನೋಡುತ್ತಿದ್ದರೆ ಆಗ ತಡಮಾಡಬಾರದು.

ಅಂದರೆ ಆಯಿಯನ್ನು ಹೋಲಿಸಬೇಕಾದ್ದು ಬೆಂಗಳೂರಿನ ನಿವೃತ್ತ ಮೇಷ್ಟ್ರಿಗಲ್ಲ, ಎರಡು ವರ್ಷದ ಹಿಂದಿನ ಅದೇ ಆಯಿಗೆ. ಈ ಹೋಲಿಕೆ ತಪ್ಪಿದಾಗ ಎರಡು ಬಗೆಯ ಅನ್ಯಾಯವಾಗುತ್ತದೆ. ಅಕ್ಷರ ಬಾರದ ಆರೋಗ್ಯವಂತರಿಗೆ ರೋಗದ ಹಣೆಪಟ್ಟಿ ಬೀಳುತ್ತದೆ. ಇನ್ನೊಂದು ಕಡೆ ನಿಜವಾಗಿ ಕಾಯಿಲೆ ಹತ್ತಿದವರನ್ನು 'ಅರವತ್ತಕ್ಕ ಅರಳುಮರಳು, ಬಿಡ್ರಿ' ಎಂದು ಜಗುಲಿಯ ಮೂಲೆಯಲ್ಲಿ ಕೂರಿಸಿಬಿಡುತ್ತಾರೆ. ನಮ್ಮ ಕಡೆ ಹೆಚ್ಚಾಗಿ ಕಾಣುವುದು ಎರಡನೆಯದು.

ನೆನಪು, ಬುದ್ಧಿ ಕುಂದಿಸುವ ಡಿಮೆನ್ಶಿಯಾ ಎಂದರೆ ಪೇಟೆಯವರ, ಓದಿದವರ ಕಾಯಿಲೆ ಎಂಬ ನಂಬಿಕೆ ಹಳ್ಳಿಯಲ್ಲೂ ಇದೆ, ಪೇಟೆಯಲ್ಲೂ ಇದೆ. ಲೆಕ್ಕ ಬೇರೆಯೇ ಹೇಳುತ್ತದೆ. ಲಾಸಿ-ಡ್ಯಾಡ್ ಎಂಬ ರಾಷ್ಟ್ರಮಟ್ಟದ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಒಟ್ಟು ಸುಮಾರು 88 ಲಕ್ಷ ಜನಕ್ಕೆ ಈ ಕಾಯಿಲೆ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ತಡೆಯಬಹುದಾದ 14 ಅಪಾಯಗಳಲ್ಲಿ ಬಿಪಿ, ಶುಗರ್, ತಂಬಾಕಿನ ಜೊತೆಗೆ ಕಿವಿ ಮಂದವಾಗುವುದು, ಕಣ್ಣು ಮಂಜಾಗುವುದು, ಒಂಟಿತನ ಇವೆ. ಚಿಕ್ಕಂದಿನಲ್ಲಿ ಶಾಲೆ ಸಿಗದಿರುವುದೂ ಇದೆ. ಎಪ್ಪತ್ತು ವರ್ಷದ ಹಿಂದೆ ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸದೆ ಹೊಲದ ಕಸ ತೆಗೆಯಲು ಕಳಿಸಿದ್ದರ ಬಾಕಿ ಈಗ ವಸೂಲಾಗುತ್ತಿದೆ.

ಒಳಗೆ ನಡೆಯುವುದು ಏನು

ಡಿಮೆನ್ಶಿಯಾಕ್ಕೆ ಮುಖ್ಯ ಕಾರಣವಾದ ಆಲ್ಜೈಮರ್ ಕಾಯಿಲೆ ಸಾಮಾನ್ಯವಾಗಿ ಮೊದಲು ಕೈ ಹಾಕುವುದು ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ. ಹೊಸ ನೆನಪು ಕೂಡಿಡುವ ಕೆಲಸ ಅದರದು. ಹಾಗಾಗಿ ಬೆಳಗ್ಗೆ ರೊಟ್ಟಿ ತಿಂದದ್ದು ಅಳಿಸಿಹೋಗುತ್ತದೆ, ಐವತ್ತು ವರ್ಷದ ಹಿಂದೆ ಚಕ್ಕಡಿಯಲ್ಲಿ ಯಮನೂರ ಉರುಸಿಗೆ ಹೋದದ್ದು ಉಳಿಯುತ್ತದೆ. ಕೈಗೆ ರೂಢಿಯಾದ ಕೆಲಸ ಮಿದುಳಿನ ಬೇರೆ ಭಾಗಗಳಲ್ಲಿ ನೆಲೆಸಿರುವುದರಿಂದ ಅದು ಇನ್ನೂ ಹೆಚ್ಚು ಕಾಲ ಬಾಳುತ್ತದೆ. ಮಗನ ಹೆಸರು ತಪ್ಪಿದ ತಾಯಿ ಮೊರ ಕೈಗೆ ಕೊಟ್ಟರೆ ಕಡಲೆ ಹಸನು ಮಾಡುತ್ತಾರೆ. ನವಲಗುಂದದ ಜಮಖಾನ ನೇಯ್ದ ಕೈ ದಾರ ಸಿಕ್ಕರೆ ಬೆರಳಾಡಿಸುತ್ತದೆ. ಹಾಡೂ ಹೀಗೆಯೇ: ಬೀಸುವ ಪದ, ಸೋಬಾನ, ಮೊಹರಮ್ಮಿನ ರಿವಾಯತ್ ಪದ ಮಾತು ಕುಂದಿದ ಮೇಲೂ ಬಾಯಿಗೆ ಬರುವುದುಂಟು.

ಇನ್ನೊಂದು ದೊಡ್ಡ ಕಾರಣ ಮಿದುಳಿನ ರಕ್ತನಾಳಗಳ ಹಾನಿ. ಬಿಪಿ ಮಾತ್ರೆಯನ್ನು ಮನಸ್ಸು ಬಂದಾಗ ನುಂಗಿ, ಸಣ್ಣಸಣ್ಣ ಲಕ್ವಾ ಹೊಡೆದು, ಪ್ರತಿ ಸಲವೂ ಒಂದಿಷ್ಟು ಬುದ್ಧಿ ಇಳಿಯುತ್ತದೆ. ಇದನ್ನು ನಿಧಾನಿಸುವ ಮದ್ದು ಆ ಬಿಪಿ ಮಾತ್ರೆಯೇ.

ಮನೆಯಲ್ಲಿ ಮೊದಲು ಕಾಣುವುದು ಮರೆವೇ ಆಗಬೇಕೆಂದಿಲ್ಲ. 'ಸ್ವಸಿ ನನ್ನ ಬೋರಮಾಳ ಕದ್ದಾಳ' ಎಂಬ ಆಪಾದನೆಯಿಂದ ಎಷ್ಟೋ ಮನೆಗಳಲ್ಲಿ ಜಗಳ ಶುರುವಾಗುತ್ತದೆ. ಆಯಿ ಒಡವೆಯನ್ನು ಹಿಟ್ಟಿನ ಡಬ್ಬಿಯಲ್ಲಿ ಇಟ್ಟಿದ್ದಾರೆ. ಇಟ್ಟ ನೆನಪು ಕೂಡಿಡುವ ಜಾಗ ಕೆಟ್ಟಿದೆ. ಒಡವೆ ಕಾಣೆಯಾಗಿರುವುದು ಮಾತ್ರ ಕಣ್ಣಿಗೆ ಬೀಳುತ್ತಿದೆ. ಆ ಖಾಲಿ ಜಾಗಕ್ಕೆ ಹತ್ತಿರ ಇರುವವರ ಹೆಸರು ಬಂದು ಕೂರುತ್ತದೆ. ಹತ್ತಿರ ಇರುವವಳು ಸೊಸೆ. ಇದನ್ನು ಸೊಸೆಗೆ ಮಾತ್ರ ಹೇಳಿದರೆ ಸಾಲದು, ಮಾತು ಕೇಳಿ ಕಣ್ಣು ಕೆಂಪಗೆ ಮಾಡುವ ಮಗನಿಗೆ, ಫೋನಿನಲ್ಲಿ ತೀರ್ಪು ಕೊಡುವ ಮಗಳಿಗೆ ಹೇಳಬೇಕು.

ಹತ್ತುವ ಮೆಟ್ಟಿಲುಗಳು

ಮೊದಲು ಒಂದು ಎಚ್ಚರ. ನಿನ್ನೆ ಮೊನ್ನೆವರೆಗೆ ಚೆನ್ನಾಗಿದ್ದವರು ಎರಡು ದಿನದಲ್ಲಿ ಗೊಂದಲಗೊಂಡರೆ ಅದು ಡಿಮೆನ್ಶಿಯಾ ಅಲ್ಲ. ಮೂತ್ರದ ಸೋಂಕು, ರಕ್ತದಲ್ಲಿ ಉಪ್ಪಿನಂಶ ಇಳಿದದ್ದು, ಹೊಸ ಮಾತ್ರೆ, ಬಿದ್ದು ತಲೆಯೊಳಗೆ ರಕ್ತ ಕೂಡಿದ್ದು, ಇಂಥದ್ದೇನೋ ಇರುತ್ತದೆ. ಅದೇ ದಿನ ದವಾಖಾನೆಗೆ ಒಯ್ಯಬೇಕು. ನಿಧಾನವಾಗಿ ಬಂದ ಮರೆವಿನಲ್ಲೂ ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಂಥ ಚಿಕಿತ್ಸೆ ಇರುವ ಕಾರಣ ಸಿಗಬಹುದು. ಆದ್ದರಿಂದ ರಕ್ತ ಪರೀಕ್ಷೆ ಮೊದಲು. ಕಿವಿಯ ಗುಗ್ಗೆ ತೆಗೆಸುವುದು, ಕಣ್ಣಿನ ಪೊರೆ ನೋಡಿಸುವುದು ಇನ್ನೂ ಮೊದಲು. ಕೇಳಿಸದವರಿಗೆ ನೆನಪಿನ ಪರೀಕ್ಷೆ ಮಾಡಿ ಏನು ಉಪಯೋಗ?

ಅಣ್ಣಿಗೇರಿ-ನವಲಗುಂದದ ಸೀಮೆಯವರಿಗೆ ದಾರಿ ಹೀಗಿದೆ. ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಆಮೇಲೆ ತಾಲೂಕು ಆಸ್ಪತ್ರೆ. ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಮಂಗಳವಾರ ಕೂರುವ 'ಮನೋಚೈತನ್ಯ' ಎಂಬ ಕಾರ್ಯಕ್ರಮ ರಾಜ್ಯದಲ್ಲಿದೆ. ಹೋಗುವ ಮೊದಲು ಆ ವಾರ ಇದೆಯೇ ಎಂದು ಆಶಾ ಅವರಿಂದ ಫೋನು ಮಾಡಿಸಿ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಬೆಂಗಳೂರಿನ ಜಯನಗರ, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಶುರುಮಾಡಿದ ಮಿದುಳು ಆರೋಗ್ಯದ ಕಾರ್ಯಕ್ರಮ, 'ಕಭಿ', ಆಮೇಲೆ ಬೇರೆ ಜಿಲ್ಲಾ ಆಸ್ಪತ್ರೆಗಳಿಗೂ ಹಬ್ಬಿತು. ಅದಕ್ಕೂ ಮೇಲೆ ಜನ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಡಿಮ್ಹಾನ್ಸ್ ಎಂದರೆ ಹಳಬರಿಗೆ ಇನ್ನೂ ಬ್ರಿಟಿಷರ ಕಾಲದ 'ಹುಚ್ಚರ ದವಾಖಾನಿ'ಯೇ. 'ನಮ್ಮ ಅಪ್ಪಾ ಹುಚ್ಚ ಅಲ್ರೀ' ಎಂದು ಅರ್ಧ ದಾರಿಯಿಂದ ವಾಪಸು ಬರುವವರಿಗೆ ಬೈದು ಪ್ರಯೋಜನವಿಲ್ಲ. ನರದ ಡಾಕ್ಟರು, ನೆನಪಿನ ತಪಾಸಣೆ ಎಂದರೆ ಸುಳ್ಳೂ ಆಗುವುದಿಲ್ಲ, ಕೆಲಸವೂ ಆಗುತ್ತದೆ. ಮನೆಯಿಂದಲೇ ಮಾತಾಡಬೇಕೆಂದರೆ ಟೆಲಿಮಾನಸ್ 14416, ಹಿರಿಯರ ಸಹಾಯವಾಣಿ 14567.

ದೇವರ ಹೇಳಿಕೆ, ದರ್ಗಾದ ತಾಯತ? ಕಟ್ಟಿಸಿಕೊಳ್ಳಲಿ. ಮನೆಯವರಿಗೆ ಧೈರ್ಯ ಬರುತ್ತದೆ. ಅದಕ್ಕಾಗಿ ಆರು ತಿಂಗಳು ಕಾಯುವುದು, ಮಾತ್ರೆ ನಿಲ್ಲಿಸುವುದು ಬೇಡ.

ಪರೀಕ್ಷೆ ಯಾವ ಭಾಷೆಯಲ್ಲಿ

ಓದು ಬಾರದವರಿಗೆ ಹೊಂದುವ ಪರೀಕ್ಷೆ ಮಾಡಲು ಬರುವುದಿಲ್ಲ ಎಂದೇನಿಲ್ಲ. 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಿಗಾಗಿ ಸಂಶೋಧಕಿ ಮೇರಿ ಗಂಗೂಲಿ ಮತ್ತು ಸಂಗಡಿಗರು ಇದನ್ನು ಮಾಡಿ ತೋರಿಸಿದರು. 'ಕಣ್ಣು ಮುಚ್ಚಿ' ಎಂದು ಬರೆದದ್ದನ್ನು ಓದಿ ಹಾಗೆ ಮಾಡಿ ಎನ್ನುವ ಬದಲು 'ನಾನು ಮಾಡಿದಂತೆ ಮಾಡಿ' ಎಂದು ತಾವೇ ಕಣ್ಣು ಮುಚ್ಚಿದರು. ವಾಕ್ಯ ಬರೆಯಿರಿ ಎನ್ನುವ ಬದಲು ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ ಎಂದರು. ನೂರರಿಂದ ಏಳೇಳು ಹೋಗಿ ಇಪ್ಪತ್ತರಿಂದ ಮೂರು ಮೂರು ಬಂತು. ಈಚೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿದ ಪರೀಕ್ಷೆಗಳ ಕಟ್ಟು ಐದು ಭಾಷೆಗಳಲ್ಲಿ ಬಂದಿದೆ: ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ ಮತ್ತು ಕನ್ನಡ. ಕನ್ನಡ ಇದೆ ಎಂಬುದು ಸಂತೋಷವೇ. ಆದರೆ ನಮ್ಮ ಸೀಮೆಯಲ್ಲಿ ಮುಸ್ಲಿಮರ ಮನೆಯ ಒಳಮಾತು ದಖನಿ ಉರ್ದು, ಕಲಘಟಗಿ ಕಡೆಯ ತಾಂಡಾಗಳದ್ದು ಲಂಬಾಣಿ. ಆ ಐದರಲ್ಲಿ ಇವೆರಡೂ ಇಲ್ಲ.

ಇದು ಬರೀ ಅಭಿಮಾನದ ಪ್ರಶ್ನೆ ಎಂದುಕೊಳ್ಳಬಾರದು. ಕಾಯಿಲೆ ಬಲಿತಂತೆ ಆಮೇಲೆ ಕಲಿತ ಭಾಷೆ ಮೊದಲು ಸಡಿಲವಾಗಿ ತೊಟ್ಟಿಲ ಭಾಷೆ ಉಳಿಯುವುದನ್ನು ಆರೈಕೆ ಮಾಡುವವರು ಮತ್ತೆ ಮತ್ತೆ ಕಾಣುತ್ತಾರೆ. ಜೀವಮಾನವಿಡೀ ಸಂತೆಯಲ್ಲಿ ಕನ್ನಡ ಮಾತಾಡಿದ ಲಂಬಾಣಿ ಅಜ್ಜಿ ಒಂದು ದಿನ 'ಪಾಣಿ', 'ಬಾಟಿ' ಎಂದಷ್ಟೇ ಹೇಳುತ್ತಾರೆ. ವಾರ್ಡಿನಲ್ಲಿ ಅದನ್ನು ತಿಳಿಯುವವರು ಇಲ್ಲದಿದ್ದರೆ ಚೀಟಿಯ ಮೇಲೆ 'ಅಸಂಬದ್ಧ ಮಾತು' ಎಂದು ಬೀಳುತ್ತದೆ. ನೀರು, ರೊಟ್ಟಿ ಕೇಳಿದ್ದು ಅಸಂಬದ್ಧವಾಯಿತು! ಹಾಗಾಗಿ ಪರೀಕ್ಷೆಗೆ ಹೋಗುವಾಗ ಆ ಭಾಷೆಯ ನೆರೆಯವರೊಬ್ಬರು ಜೊತೆಗಿರಲಿ. ಮಗನಿಗಿಂತ ನೆರೆಯವರು ವಾಸಿ. ಮಗ ತಾಯಿಯ ಪರವಾಗಿ ತಾನೇ ಉತ್ತರ ಹೇಳಿಬಿಡುತ್ತಾನೆ.

ಇದೇ ಬಹುಭಾಷೆ ಒಂದು ವರವೂ ಹೌದು. ಈಗ ನಿಮ್ಹಾನ್ಸಿನಲ್ಲಿರುವ ನರತಜ್ಞೆ ಡಾ. ಸುವರ್ಣಾ ಅಲ್ಲಾಡಿ ಮತ್ತು ತಂಡ ಹೈದರಾಬಾದಿನ 648 ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಅಥವಾ ಹೆಚ್ಚು ಭಾಷೆ ಆಡುವವರಿಗೆ ಡಿಮೆನ್ಶಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಬಂದದ್ದು ಕಂಡಿತು. ಶಾಲೆಗೆ ಹೋಗದವರಲ್ಲೂ ಈ ವ್ಯತ್ಯಾಸ ಇತ್ತು. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ ಆಡುವ ಅಣ್ಣಿಗೇರಿಯ ಅಜ್ಜಿ ತನಗೆ ಗೊತ್ತಿಲ್ಲದೇ ಮಿದುಳಿಗೆ ಗರಡಿ ಮಾಡಿಸಿದ್ದಾರೆ.

ಭಾಷೆಯಷ್ಟೇ ತೊಡಕಿನದು ದೊಡ್ಡವರ ಎದುರಿನ ಅಂಜಿಕೆ. ಬದುಕೆಲ್ಲ ಗೌಡರ ಮನೆಯ ಹೊರಗಟ್ಟೆಯ ಕೆಳಗೆ ನಿಂತು ಮಾತಾಡಿದ ದಲಿತ ಹಿರಿಯರು ಡಾಕ್ಟರ ಎದುರು ಕುರ್ಚಿಯಲ್ಲಿ ಕೂರುವುದಿಲ್ಲ. ಕೇಳಿದ್ದಕ್ಕೆಲ್ಲ 'ಹೂಂರಿ, ಬರೋಬರ್ ಐತ್ರಿ' ಎನ್ನುತ್ತಾರೆ. ಊಟ ಆಯ್ತಾ? ಹೂಂರಿ. ನಿದ್ದೆ? ಹೂಂರಿ. ಇದನ್ನು ನಂಬಿದ ಡಾಕ್ಟರಿಗೆ ಏನೂ ತಿಳಿಯದು. ನೆಲದ ಮಟ್ಟಕ್ಕೆ ತಾನೂ ಇಳಿದು, ಹೌದು-ಅಲ್ಲ ಎಂಬ ಉತ್ತರ ಸಾಲದ ಪ್ರಶ್ನೆ ಕೇಳಬೇಕು: ನಿನ್ನೆ ಏನು ಉಂಡ್ರಿ, ಯಾರು ಬಡಿಸಿದ್ರು. ಇದರ ಇನ್ನೊಂದು ಮಗ್ಗುಲನ್ನೂ ಮುಚ್ಚಿಡಬಾರದು. ನಾಲಿಗೆಯ ಕಡಿವಾಣ ಹೋದ ಮೇಲ್ಜಾತಿಯ ಹಿರಿಯರು ನೀರು ಕೊಡಲು ಬಂದವರ ಜಾತಿ ಎತ್ತಿ ಆಡುವುದುಂಟು. ಕಾಯಿಲೆ ಅದು ಎಂದು ಆರೈಕೆಯವರೇ ನುಂಗಿಕೊಳ್ಳಲಿ ಎಂದು ಬಿಡುವುದು ನ್ಯಾಯವಲ್ಲ. ಮನೆಯವರು ಮೊದಲೇ ಹೇಳಿಡಬೇಕು, ಆದಾಗ ಕ್ಷಮೆ ಕೇಳಬೇಕು.

ಒಂದು ಹಾಳೆ

ಕಾಯಿಲೆ ಇನ್ನೂ ಹಗುರವಾಗಿರುವಾಗ, ಅವರನ್ನೇ ಕೇಳಿ, ಒಂದು ಹಾಳೆಯಲ್ಲಿ ಅವರ ಬದುಕನ್ನು ಬರೆದಿಡಿ. ಏನೆಂದು ಕರೆದರೆ ಓಗೊಡುತ್ತಾರೆ: ಆಯಿ, ಅವ್ವ, ದಾದಿ, ಯಾಡಿ, ಮುತ್ಯಾ? ತವರೂರು ಯಾವುದು? ಬೆಳಗ್ಗೆ ಎದ್ದು ಮೊದಲು ಏನು ಮಾಡುತ್ತಿದ್ದರು? ಚಹಾಕ್ಕೆ ಸಕ್ಕರೆಯೋ ಬೆಲ್ಲವೋ? ಜೋಳದ ರೊಟ್ಟಿ ಬಿಸಿಯೋ ಕಟಕವೋ? ಯಾವುದಕ್ಕೆ ಹೆದರುತ್ತಿದ್ದರು? ಯಾವ ಪದ ಹಾಡುತ್ತಿದ್ದರು? ಸ್ನಾನಕ್ಕೆ ಯಾರ ಕೈ ಒಪ್ಪುತ್ತಾರೆ? ಈ ಕೊನೆಯ ಪ್ರಶ್ನೆಗೆ ನಮ್ಮಲ್ಲಿ ಎಷ್ಟೋ ಜಗಳ ಅಂಟಿಕೊಂಡಿದೆ. ಮಾವನಿಗೆ ಸೊಸೆ ಸ್ನಾನ ಮಾಡಿಸಲಾರಳು, ಪರ್ದಾದಲ್ಲಿ ಬೆಳೆದ ಅಜ್ಜಿ ಪರ ಗಂಡಸಿನ ಕೈ ಸೋಕಿದರೆ ಚೀರುತ್ತಾರೆ. ಅದನ್ನು 'ವಯಲೆಂಟ್ ಪೇಷಂಟ್' ಎಂದು ಬರೆದು ನಿದ್ದೆಯ ಔಷಧಿ ಕೊಡಿಸುವ ಮೊದಲು ಕೈ ಬದಲಿಸಿ ನೋಡಿ. ಸಿಟ್ಟು, ಭ್ರಮೆಗಳಿಗೆ ಕೊಡುವ ಮನೋರೋಗದ ಕೆಲವು ಮಾತ್ರೆಗಳು ಡಿಮೆನ್ಶಿಯಾ ಇರುವ ವೃದ್ಧರಲ್ಲಿ ಲಕ್ವಾ ಮತ್ತು ಸಾವಿನ ಅಪಾಯ ಹೆಚ್ಚಿಸುತ್ತವೆ. ಅವು ಕೊನೆಯ ಉಪಾಯ, ಅದೂ ಸ್ವಲ್ಪ ಕಾಲಕ್ಕೆ.

ನೇಮನಿಷ್ಠೆಗಳೂ ಆ ಹಾಳೆಯಲ್ಲಿರಲಿ. ಸ್ಕ್ಯಾನಿಂಗಿಗೆ ಮೈಮೇಲಿನ ಲೋಹ ತೆಗೆಸುತ್ತಾರೆ. ಕೊರಳಿನ ಇಷ್ಟಲಿಂಗದ ಕರಡಿಗೆಯನ್ನು ಹೇಳದೆ ಕೇಳದೆ ಬಿಚ್ಚಿದರೆ ಲಿಂಗಾಯತ ಅಜ್ಜ ಜೀವ ಹೋದಂತೆ ಒದ್ದಾಡುತ್ತಾರೆ. ಮನೆಯವರೇ ಬಿಚ್ಚಿ, ಅವರ ಕಣ್ಣೆದುರೇ ಕೈಯಲ್ಲಿ ಹಿಡಿದು ನಿಂತು, ಹೊರಬಂದ ಕೂಡಲೇ ಅಂಗೈಗೆ ಕೊಡಬೇಕು. ನಮಾಜು ಮಾಡಿದ್ದು ಮರೆತು ಮತ್ತೆ ಮತ್ತೆ ಏಳುವ ಹಿರಿಯರನ್ನು ತಡೆಯುವುದಕ್ಕಿಂತ ಜಾರದ ಜಾಗದಲ್ಲಿ ವಜೂವಿಗೆ ನೀರಿಟ್ಟು, ಕುರ್ಚಿ ಹಾಕಿಕೊಡುವುದು ಸುಲಭ. ರಮಜಾನಿನಲ್ಲಿ ಶುಗರ್ ಮಾತ್ರೆ ನುಂಗುವವರು ಉಪವಾಸ ಹಿಡಿದರೆ ಅಪಾಯ; ಕಾಯಿಲೆಯವರಿಗೆ ಧರ್ಮದಲ್ಲೇ ವಿನಾಯಿತಿ ಇದೆ ಎಂಬ ಮಾತು ಡಾಕ್ಟರಿಗಿಂತ ಊರಿನ ಮೌಲ್ವಿಯವರ ಬಾಯಲ್ಲಿ ಬಂದರೆ ಮನಸ್ಸಿಗೆ ಇಳಿಯುತ್ತದೆ. ಲಂಬಾಣಿ ಅಜ್ಜಿಯ ಕನ್ನಡಿ ಹೊಲಿದ ಕಾಂಚಳಿಯನ್ನು ಬಿಡಿಸಿ ನೈಟಿ ತೊಡಿಸುವುದು ನೋಡಿಕೊಳ್ಳುವವರಿಗೆ ಸಲೀಸು. ಆದರೆ ಕನ್ನಡಿಯಲ್ಲಿ ತನ್ನನ್ನೇ ಗುರುತಿಸಲು ಕಷ್ಟಪಡುತ್ತಿರುವವರ ಕೊನೆಯ ಗುರುತನ್ನೂ ಕಿತ್ತುಕೊಂಡಂತೆ. ಮುಂದೆ ಗುಂಡಿ ಇಟ್ಟು ಹೊಲಿಸಿಕೊಟ್ಟರೆ ಎರಡೂ ನಡೆಯುತ್ತದೆ.

ಸಂಜೆಯಾದರೆ 'ನಮ್ಮ ಮನಿಗಿ ಹೊಕ್ಕೀನಿ' ಎಂದು ಗಂಟು ಕಟ್ಟುವುದು ಈ ಕಾಯಿಲೆಯಲ್ಲಿ ಬಹಳ ಸಾಮಾನ್ಯ. ಇದೇ ನಿಮ್ಮ ಮನೆ ಎಂದು ವಾದಿಸಿ ಗೆದ್ದವರನ್ನು ನಾನು ಕಂಡಿಲ್ಲ. ಅವರು ಹೇಳುವ ಮನೆ ತವರು, ಅಲ್ಲಿ ಅವ್ವ ಇದ್ದಾಳೆ. 'ನಿಮ್ಮೂರಾಗ ಹಳ್ಳ ಇತ್ತಲ್ಲ, ಅಲ್ಲಿ ಏನ್ ಮಾಡ್ತಿದ್ರಿ?' ಎಂದು ಮಾತು ತೆಗೆದು, ಓಣಿಯಲ್ಲಿ ಒಂದು ಸುತ್ತು ಅಡ್ಡಾಡಿಸಿ ಕರೆತಂದರೆ ಗಂಟು ತಾನೇ ಬಿಚ್ಚುತ್ತದೆ. ಕತ್ತಲಾಗುವ ಮೊದಲೇ ದೀಪ ಹಚ್ಚಿಡಿ.

ಎಣ್ಣಿ, ಹೊಂಡ, ಉತಾರ

ಪಟ್ಟಣದವರು ಬರೆದ ಕೈಪಿಡಿಗಳಲ್ಲಿ ಗ್ಯಾಸು, ಮೆಟ್ಟಿಲು, ಲಿಫ್ಟು ಇರುತ್ತವೆ. ಎರೆಹೊಲದ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಪಡಸಾಲೆಯ ಮೂಲೆಯಲ್ಲಿ ಬಿದ್ದಿರುವ, ಹತ್ತಿಗೆ ಮೆಣಸಿನಕಾಯಿಗೆ ಹೊಡೆಯುವ ಎಣ್ಣಿ, ಅಂದರೆ ಕೀಟನಾಶಕದ ಬಾಟಲಿ. ನೆನಪು ಹೋದವರಿಗೆ ಅದು ಕೆಮ್ಮಿನ ಔಷಧಿಯೂ ಹೌದು, ಶರಬತ್ತೂ ಹೌದು. ಬೀಗ ಹಾಕಿದ ಪೆಟ್ಟಿಗೆ, ಆಗದಿದ್ದರೆ ಹೊಲದ ಶೆಡ್ಡು. ಖಾಲಿ ಬಾಟಲಿಯಲ್ಲಿ ನೀರು, ಅಡುಗೆಯ ಎಣ್ಣೆ ತುಂಬಿಡುವ ರೂಢಿಯನ್ನು ಇವತ್ತೇ ಬಿಡಿ. ಎರಡನೆಯದು ಕೃಷಿಹೊಂಡ: ಹಾಸಿದ ಪ್ಲಾಸ್ಟಿಕ್ಕಿನ ಮೇಲೆ ಕಾಲು ಜಾರಿದರೆ ಗಟ್ಟಿಮುಟ್ಟಾದವರೂ ಮೇಲೆ ಬರಲಾರರು. ಬೇಲಿ ಬೇಕೇ ಬೇಕು. ಮನೆ ಬಿಟ್ಟು ನಡೆಯುವವರನ್ನು ಕಟ್ಟಿಹಾಕಬೇಡಿ. ಸೆರಗಿನ ಅಂಚಿಗೆ, ಅಂಗಿಯ ಒಳಬದಿಗೆ ಫೋನ್ ನಂಬರ್ ಹೊಲಿಯಿರಿ. ಬಸ್ ಸ್ಟ್ಯಾಂಡಿನ ಚಹಾದಂಗಡಿ, ಕಂಡಕ್ಟರು, ದನ ಕಾಯುವ ಹುಡುಗರಿಗೆ ಮುಚ್ಚುಮರೆಯಿಲ್ಲದೆ ಹೇಳಿಡಿ. ಕಾಣೆಯಾದರೆ ರಾತ್ರಿಯವರೆಗೆ ಕಾಯದೆ 112ಕ್ಕೆ ಫೋನು ಮಾಡಿ.

ಇನ್ನು ಹೊಲದ ಉತಾರ, ಅಂದರೆ ಪಹಣಿ. ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಬರುವ ದಾಯಾದಿಗಳಿಗೆ ಡಿಮೆನ್ಶಿಯಾ ಸುಗ್ಗಿ ಇದ್ದಂತೆ. ಮೃತ್ಯುಪತ್ರ, ವಾಟ್ನಿ (ಆಸ್ತಿಯ ಪಾಲು) ಏನಿದ್ದರೂ ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಆಗಬೇಕು, ವೈದ್ಯರ ಪ್ರಮಾಣಪತ್ರ ಜೊತೆಗಿದ್ದರೆ ಒಳ್ಳೆಯದು. ಮುಸ್ಲಿಮರಲ್ಲಿ ಉಳಿದ ವಾರಸುದಾರರ ಒಪ್ಪಿಗೆ ಇಲ್ಲದೆ ಆಸ್ತಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿಗೆ ಮೃತ್ಯುಪತ್ರ ನಡೆಯುವುದಿಲ್ಲ. ಮುಖ್ತ್ಯಾರಪತ್ರ ಬರೆಸಿಕೊಂಡಿದ್ದೇವೆ ಎಂದು ನಿಶ್ಚಿಂತರಾಗಬೇಡಿ. ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದ ಮೇಲೆ ಅದು ಕಾನೂನಿನಲ್ಲಿ ನಿಲ್ಲದು. ನೋಡಿಕೊಳ್ಳುತ್ತೇವೆಂದು ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ, 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯಲ್ಲಿ ಆ ಪತ್ರವನ್ನು ರದ್ದು ಮಾಡಿಸಬಹುದು.

ಕುಟುಂಬವೇ ಇಲ್ಲದವರು? ಮಕ್ಕಳು ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದ ಮೇಲೆ ತಾಂಡಾದಲ್ಲಿ ಉಳಿದ ಮುದುಕರು, ಮಕ್ಕಳಿಲ್ಲದ ವಿಧವೆಯರು, ಸವದತ್ತಿಯ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆಯುಟ್ಟು ಬಾಳಿದ ಜೋಗಪ್ಪಗಳು. ಜೋಗಪ್ಪ ಹಿರಿಯರಿಗೆ ಕಾಯಿಲೆ ಬಂದಾಗ ಎಷ್ಟೋ ವರ್ಷ ಮುಖ ನೋಡದ ಅಣ್ಣತಮ್ಮಂದಿರು ಬಂದು ಸೀರೆ ಬಿಡಿಸಿ ಧೋತರ ಉಡಿಸಿದರೆ, ಪ್ರತಿಭಟಿಸುವ ನೆನಪೂ ಅವರಿಗೆ ಉಳಿದಿರದು. ಇಂಥವರಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಒಂದು ಸರಳ ದಾರಿ ಕೊಟ್ಟಿದೆ. ಬುದ್ಧಿ ಸರಿಯಿರುವಾಗಲೇ ಬಿಳಿ ಹಾಳೆಯ ಮೇಲೆ ತಮ್ಮ ಪರವಾಗಿ ಚಿಕಿತ್ಸೆಯ ಮಾತಾಡುವ ಪ್ರತಿನಿಧಿ ಯಾರೆಂದು ಬರೆಸಿ ಸಹಿ ಅಥವಾ ಹೆಬ್ಬೆಟ್ಟು ಒತ್ತಿದರೆ ಸಾಕು. ಅವರು ರಕ್ತಸಂಬಂಧಿ ಆಗಬೇಕೆಂದಿಲ್ಲ. ಶಿಷ್ಯೆ ಆಗಬಹುದು, ಪಕ್ಕದ ಮನೆಯಾಕೆ ಆಗಬಹುದು.

ಕೊನೆಯ ಹಂತದಲ್ಲಿ ನಡೆಯುವುದು, ಮಾತು ನಿಂತು, ನುಂಗುವುದೂ ತಪ್ಪುತ್ತದೆ. ಆಗ ರೊಟ್ಟಿ ಬಿಟ್ಟು ಜೋಳದ ನುಚ್ಚು, ಮೆತ್ತಗೆ ಕಲಸಿದ ಅನ್ನ. ತೀರ ತೆಳ್ಳಗಿನ ನೀರು ಗಂಟಲಲ್ಲಿ ತಪ್ಪಿ ಶ್ವಾಸಕೋಶಕ್ಕೆ ಇಳಿಯುತ್ತದಾದ್ದರಿಂದ ಅಂಬಲಿಯಂತೆ ಗಟ್ಟಿಯಾದದ್ದು ಲೇಸು. ಮಲಗಿಸಿ ಉಣಿಸಬಾರದು. ನೆಟ್ಟಗೆ ಕೂರಿಸಿ, ಚಿಕ್ಕ ಚಮಚದಲ್ಲಿ ಕೊಟ್ಟು, ಬಾಯಿ ಖಾಲಿಯಾದದ್ದನ್ನು ನೋಡಿ ಮುಂದಿನ ತುತ್ತು. ಊಟವಾದ ಮೇಲೂ ಅರ್ಧ ತಾಸು ಕೂತಿರಲಿ. ಹಾಸಿಗೆಯಲ್ಲೇ ಇರುವವರ ಮಗ್ಗುಲನ್ನು ಎರಡು ತಾಸಿಗೊಮ್ಮೆ ಬದಲಿಸಬೇಕು, ರಾತ್ರಿಯೂ. ಒಬ್ಬ ಸೊಸೆಯ ಕೈಯಲ್ಲಿ ಇದು ಆಗುವ ಕೆಲಸವಲ್ಲ. ಪಾಳಿ ಹಚ್ಚಿ, ಗಂಡುಮಕ್ಕಳ ಹೆಸರನ್ನೂ ಸೇರಿಸಿ.